ಪಕ್ಕದ ಮನೆಯಲ್ಲಿ ಅಚ್ಚಾದ ಪದ್ಯ

ಸಾರಾಂದಿ ಎಂಬ ಊರಿನಲ್ಲಿ ಎಲ್ಬಿಯೋ ತೆಚೇರಾನ ಮುಖ ಗೊತ್ತಿಲ್ಲದವರು ಇದ್ದಿರಬಹುದು, ದನಿ ಗೊತ್ತಿಲ್ಲದವರು ಇರಲಿಲ್ಲ. ಹಳೆಯ ಬೂದು ಬಣ್ಣದ ಕಾರಿನ ನೆತ್ತಿಯ ಮೇಲೆ ಎರಡು ಧ್ವನಿವರ್ಧಕ ಕಟ್ಟಿಕೊಂಡು, ನಡೆದು ಹೋಗುವವರಿಗಿಂತ ನಿಧಾನವಾಗಿ ಬೀದಿ ಬೀದಿ ಸುತ್ತುತ್ತಾ, ಕುರಿ ಹರಾಜು, ಸರ್ಕಸ್ಸು, ಸತ್ತವರ ಸುದ್ದಿ, ಚಪ್ಪಲಿ ಅಂಗಡಿಯ ರಿಯಾಯಿತಿ ಎಲ್ಲವನ್ನೂ ಒಂದೇ ರಾಗದಲ್ಲಿ ಸಾರುವುದು ಅವನ ಕಸುಬು. ಅವನು ಸಾವಿನ ಸುದ್ದಿ ಓದಿದರೆ ಚಪ್ಪಲಿ ಕೊಳ್ಳಬೇಕು ಅನ್ನಿಸುತ್ತದೆ, ಚಪ್ಪಲಿಯ ಜಾಹೀರಾತು ಓದಿದರೆ ಅಳು ಬರುತ್ತದೆ ಎಂದು ಅವನ ಹೆಂಡತಿ ನಿಬಿಯಾ ಹೇಳುತ್ತಿದ್ದಳು.

ಐವತ್ತು ದಾಟಿದ ಮೇಲೆ ಅವನ ಕಣ್ಣು ಮಂಜಾಗತೊಡಗಿತು. ಕನ್ನಡಕ ಹಾಕಿಕೊಂಡರೆ ಸ್ಟಿಯರಿಂಗ್ ಕಾಣುತ್ತಿತ್ತು, ರಸ್ತೆ ಕಾಣುತ್ತಿರಲಿಲ್ಲ. ತೆಗೆದರೆ ರಸ್ತೆ ಕಾಣುತ್ತಿತ್ತು, ಕೈಯಲ್ಲಿದ್ದ ಚೀಟಿ ಕಾಣುತ್ತಿರಲಿಲ್ಲ. ಹೀಗಿರುವಾಗ ಪೆರೇಯ್ರಾ ಅಣ್ಣತಮ್ಮಂದಿರಲ್ಲಿ ಅರಿಸ್ತೀದೆಸ್ ತೀರಿಕೊಂಡ. ಎಲ್ಬಿಯೋ ಚೀಟಿಯನ್ನು ಅಂದಾಜಿನ ಮೇಲೆ ಓದಿ ಅಣ್ಣ ಅಲ್ಸೀದೆಸ್‌ನ ಹೆಸರು ಸಾರಿಬಿಟ್ಟ. ಊರವರು ಹೂವು ಹಿಡಿದು ಹೋದರೆ ಬಾಗಿಲು ತೆಗೆದವನು ಅಲ್ಸೀದೆಸ್, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಎಲೆಯ ಕಷಾಯ ಹೀರುವ ಸೋರೆ ಬುರುಡೆ. ಸುದ್ದಿ ತಿಳಿದ ಎಲ್ಬಿಯೋ ಕಾರು ತಿರುಗಿಸಿಕೊಂಡು ಇನ್ನೊಂದು ಸುತ್ತು ಹೊರಟ. ಆ ಸಲ ಅವನು ಸಾರಿದ್ದನ್ನು ಊರು ಇನ್ನೂ ಮರೆತಿಲ್ಲ: “ದೋನ್ ಅಲ್ಸೀದೆಸ್ ಪೆರೇಯ್ರಾ ಅವರ ನಿಧನವನ್ನು ರದ್ದುಪಡಿಸಲಾಗಿದೆ. ಆಗಿರುವ ತೊಂದರೆಗೆ ಕುಟುಂಬದವರು ವಿಷಾದಿಸುತ್ತಾರೆ.”

ಅವತ್ತಿನಿಂದ ಅವನಿಗೆ ಒಂದೇ ಹಟ. ಸಾರಬೇಕಾದದ್ದನ್ನು ಎಮ್ಮೆಯಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಕೊಳ್ಳಬೇಕು. ಅದಕ್ಕೆ ಕಂಪ್ಯೂಟರ್ ಬೇಕು, ಪ್ರಿಂಟರ್ ಬೇಕು.

ಶತಮಾನ ಮುಗಿದು ಹೊಸದು ಶುರುವಾದ ಹೊತ್ತು ಅದು. ಊರಿನ ಉಣ್ಣೆ ಮಂಡಿಯವರು ಹೊಸ ಯಂತ್ರ ತರಿಸಿ ಹಳೆಯದನ್ನು ಹರಾಜಿಗೆ ಇಟ್ಟರು. ಹಸು, ಟಗರು, ಕಬ್ಬಿಣದ ಗೇಟು ಎಲ್ಲಕ್ಕೂ ಕೈ ಎತ್ತಿದ ಜನ ಕಂಪ್ಯೂಟರ್ ಸರದಿ ಬಂದಾಗ ಕೈಗಳನ್ನು ಜೇಬಿಗೆ ಇಳಿಸಿಕೊಂಡರು. ಹರಾಜುಗಾರ ಎಲ್ಬಿಯೋನನ್ನು ಕರೆದು, ಇದನ್ನೆಲ್ಲ ಇಲ್ಲಿಂದ ಎತ್ತಿಕೊಂಡು ಹೋದರೆ ಅದೇ ದೊಡ್ಡ ಉಪಕಾರ ಎಂದ. ಮೂರು ಕಂಪ್ಯೂಟರು, ಅಂಚಿನಲ್ಲಿ ತೂತಿರುವ ಉದ್ದನೆಯ ಕಾಗದ ನುಂಗಿ ಕರ್ರ್ ಎಂದು ಅರಚುವ ಎರಡು ಪ್ರಿಂಟರು, ತಂತಿ ಮತ್ತು ಹಿತ್ತಾಳೆಯ ಸಣ್ಣಪುಟ್ಟ ಕೊಂಡಿಗಳು ತುಂಬಿದ ಒಂದು ಉಣ್ಣೆ ಚೀಲ. ಸಾಮಾನು ಇಳಿಸುವಾಗ ನಿಬಿಯಾ ಬಾಗಿಲಿಗೆ ಅಡ್ಡ ನಿಂತಳು.

“ಒಂದು ಕಾಗದ ಅಚ್ಚು ಹಾಕೋಕೆ ಮೂರು ಕಂಪ್ಯೂಟರ್ ಯಾಕೆ?”

“ಒಂದು ನಮಗೆ.”

“ಮಿಕ್ಕಿದ್ದು?”

“ಅದನ್ನೇ ಯೋಚಿಸ್ತಿದೀನಿ.”

“ನೀನು ಯೋಚಿಸಿದಾಗೆಲ್ಲ ನಮ್ಮ ಗೋಡೆಗೊಂದು ತೂತು ಬೀಳುತ್ತೆ, ಮುದುಕಾ.”

ಅವಳ ಮಾತು ಸುಳ್ಳಲ್ಲ. ಎರಡು ವಸ್ತುಗಳು ಬೇರೆ ಬೇರೆ ಕೂತಿರುವುದನ್ನು ನೋಡಿದರೆ ಎಲ್ಬಿಯೋಗೆ ಕೈ ಕಡಿಯುತ್ತಿತ್ತು. ಬಾಗಿಲ ಗಂಟೆಗೂ ರೇಡಿಯೋಗೂ ನಂಟು ಬೆಳೆಸಿ, ಯಾರಾದರೂ ಬಂದರೆ ಫುಟ್‌ಬಾಲ್ ವಿವರಣೆ ಜೋರಾಗಿ ಕೇಳುವಂತೆ ಮಾಡಿದ್ದ. ಹಿತ್ತಲಿಗೂ ಅಡುಗೆಮನೆಗೂ ಒಂದು ಮಾತಿನ ಪೆಟ್ಟಿಗೆ ಇಟ್ಟಿದ್ದ. ಅದರಿಂದ ನಿಬಿಯಾ ಅವನನ್ನು ಊಟಕ್ಕೆ ಕರೆಯುವುದು ಸುಲಭವಾಯಿತೇ ಹೊರತು ಅವನು ಬರುವುದೇನೂ ಬೇಗವಾಗಲಿಲ್ಲ.

ಎಡಗಡೆಯ ಮನೆ ಇರ್ಮಾ ಎಚೆಗೋಯೆನ್ ಟೀಚರ್ ಅವರದು. ಊರಿನ ಮುಕ್ಕಾಲು ಪಾಲು ಜನರಿಗೆ ಅಕ್ಷರ ಕಲಿಸಿ ನಿವೃತ್ತರಾದವರು. ಎಲ್ಬಿಯೋ ಅವರ ಮೊದಲ ತರಗತಿಯ ಮೊದಲ ಬೆಂಚಿನವನು; ಈಗಲೂ ಅವರೆದುರು ಅವನ ದನಿ ಅರ್ಧಕ್ಕೆ ಇಳಿಯುತ್ತಿತ್ತು. ನಿವೃತ್ತಿಯಾದರೂ ಅವರು ತಿದ್ದುವುದನ್ನು ಬಿಟ್ಟಿರಲಿಲ್ಲ. ಊರಿನ ಅಂಗಡಿಗಳ ಬೋರ್ಡಿನಲ್ಲಿ ಕಂಡ ತಪ್ಪುಗಳನ್ನೆಲ್ಲ ಬರೆದು ಪ್ರತಿ ತಿಂಗಳೂ ಚರ್ಚಿನ ಹೊರಗೋಡೆಗೆ ಅಂಟಿಸುತ್ತಿದ್ದರು. ಎಲ್ಬಿಯೋನ ಕಾರನ್ನು ನಡುಬೀದಿಯಲ್ಲಿ ಕೈ ಅಡ್ಡ ಮಾಡಿ ನಿಲ್ಲಿಸಿ, ವಾಕ್ಯ ಸರಿಪಡಿಸಿ, ಮತ್ತೊಮ್ಮೆ ಹೇಳಿಸಿ, ಆಮೇಲೆ ಮುಂದೆ ಬಿಡುತ್ತಿದ್ದರು.

ಹಿತ್ತಲಿನ ಗೋಡೆಯ ಆಚೆಗೆ ವಾಲ್ದೆಮಾರ್ ಫಗೂಂದೆಸ್‌ನ ಬೇಕರಿ. ನಲವತ್ತರ ಆಸುಪಾಸಿನ ದಪ್ಪ ಮನುಷ್ಯ, ಬ್ರಹ್ಮಚಾರಿ. ಬೆಳಗ್ಗೆ ರೊಟ್ಟಿ ಬೇಯಿಸಿ ಮಧ್ಯಾಹ್ನ ಪದ್ಯ ಹೊಸೆಯುತ್ತಿದ್ದ. ಕಾರ್ನಿವಾಲ್ ಹಬ್ಬಕ್ಕೆ ಮುಖಕ್ಕೆ ಬಣ್ಣ ಬಳಿದುಕೊಂಡು ಊರಿನ ದೊಡ್ಡವರನ್ನೆಲ್ಲ ಹಾಡಿನಲ್ಲಿ ಜಾಲಾಡುವ ಮುರ್ಗಾ ಮೇಳ ಅವನದು. ಮೇಳದ ಹೆಸರು ‘ತಡವಾಗಿ ಬಂದವರು’. ಹೆಸರಿಗೆ ತಕ್ಕಂತೆ ಪ್ರತಿ ವರ್ಷದ ಸ್ಪರ್ಧೆಯಲ್ಲೂ ಕೊನೆಗೆ ಬರುತ್ತಿದ್ದರು.

ಎಲ್ಬಿಯೋ ಇಬ್ಬರಿಗೂ ಒಂದೊಂದು ಕಂಪ್ಯೂಟರ್ ಕೊಟ್ಟ. ಟೀಚರ್‌ಗೆ ಪ್ರಿಂಟರನ್ನೂ ಕೊಟ್ಟ. ತಪ್ಪುಗಳ ಪಟ್ಟಿ ಪ್ರತಿ ತಿಂಗಳೂ ಉದ್ದವಾಗುತ್ತಿತ್ತು, ಕೈಯಲ್ಲಿ ಬರೆದು ಅವರ ಬೆರಳು ಸೋತಿತ್ತು. ವಾಲ್ದೆಮಾರನಿಗೆ ಪ್ರಿಂಟರ್ ಉಳಿದಿರಲಿಲ್ಲ. ಆಗಲೇ ಎಲ್ಬಿಯೋಗೆ ಹೊಳೆದದ್ದು, ಮೂರು ಮನೆಗೂ ಒಂದೇ ತಂತಿ ಎಳೆದುಬಿಟ್ಟರೆ ಬೇಕರಿಯಲ್ಲಿ ಒತ್ತಿದ್ದು ತನ್ನ ಮನೆಯಲ್ಲಿ ಅಚ್ಚಾಗುತ್ತದಲ್ಲ ಎಂದು. ಇದರಿಂದ ತನಗೇನು ಲಾಭ ಎಂದು ಅವನು ಕೇಳಿಕೊಳ್ಳಲಿಲ್ಲ. ನಿಬಿಯಾ ಕೇಳಿದಳು. ಅವನು ಡ್ರಿಲ್ ಹುಡುಕಲು ಹೋದ.

ಮೊದಲು ಅವನು ಟಿವಿಯ ತಂತಿ ಎಳೆದ, ಅದು ಮನೆಯಲ್ಲೇ ಬಿದ್ದಿತ್ತು. ಚೀಲದಲ್ಲಿದ್ದ ತಂತಿಯೂ ಟಿವಿ ತಂತಿಯೂ ಅಣ್ಣತಮ್ಮಂದಿರ ಹಾಗೆ ಕಂಡರೂ ಗುಣ ಬೇರೆ. ಕಂಪ್ಯೂಟರುಗಳು ಒಂದನ್ನೊಂದು ಒಮ್ಮೆ ಗುರುತು ಹಿಡಿಯುತ್ತಿದ್ದವು, ಮರುಕ್ಷಣ ಮುಖ ತಿರುಗಿಸುತ್ತಿದ್ದವು. ವಾರಗಟ್ಟಲೆ ಅವನು ಮೇಜಿನಡಿ ಮಲಗಿ ಎಲ್ಲರನ್ನೂ ಬೈದ. ಹವೆಯನ್ನು ಬೈದ, ಉಣ್ಣೆ ಮಂಡಿಯನ್ನು ಬೈದ, ಬೇಕರಿಯ ಹಿಟ್ಟಿನ ಧೂಳನ್ನು ಬೈದ. ಕೊನೆಗೆ ಚೀಲದ ತಳದಲ್ಲಿದ್ದ ಸರಿಯಾದ ತಂತಿಯನ್ನೇ ಎಳೆದ ಮೇಲೆ ಸಮಾಧಾನವಾಯಿತು. ಟೀಚರ್ ಮನೆಯಿಂದ ಹೊರಟ ತಂತಿ ಗೋಡೆಯ ತೂತಿನಲ್ಲಿ ನುಗ್ಗಿ, ಎಲ್ಬಿಯೋನ ಮೇಜಿನ ಕೆಳಗೆ ಒಂದು ಕೊಂಡಿ ಹಾಕಿ, ಹಿತ್ತಲಿನ ನಿಂಬೆ ಗಿಡ ದಾಟಿ, ಬೇಕರಿಯ ಉಗ್ರಾಣಕ್ಕೆ ಇಳಿಯಿತು. ಎರಡೂ ತುದಿಗೆ ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆ ಮುಚ್ಚಳ. ಎಲ್ಬಿಯೋ ಅದನ್ನು ಟೋಪಿ ಎನ್ನುತ್ತಿದ್ದ. ಒಂದು ಟೋಪಿ ಸಡಿಲವಾದರೂ ಮೂರು ಮನೆಯ ಮಾತೂ ನಿಂತಂತೆಯೇ.

ಟೀಚರ್ ದಿನಾ ಬೆಳಗ್ಗೆ ಧೂಳು ಒರೆಸುತ್ತಿದ್ದರು. ಒರೆಸುವಾಗ ಟೋಪಿಯನ್ನೂ ಬಿಚ್ಚಿ ಒರೆಸುತ್ತಿದ್ದರು. ಬೇಕರಿಯಿಂದ ವಾಲ್ದೆಮಾರ್ ಎಲ್ಬಿಯೋನನ್ನು ಕೂಗುವುದು, ಎಲ್ಬಿಯೋ ತಗ್ಗಿದ ದನಿಯಲ್ಲಿ ಟೀಚರ್ ಬಾಗಿಲಲ್ಲಿ ನಿಂತು ಟೋಪಿಯ ವಿಚಾರ ಜ್ಞಾಪಿಸುವುದು, ಹೊಳೆಯುವ ವಸ್ತುವನ್ನು ಕೊಳಕಾಗಿ ಇಟ್ಟುಕೊಳ್ಳುವುದು ತಮ್ಮ ಮನೆಯಲ್ಲಿ ನಡೆಯದು ಎಂದು ಅವರು ಉತ್ತರ ಕೊಡುವುದು, ಇದೆಲ್ಲ ಬೆಳಗಿನ ತಿಂಡಿಯಷ್ಟೇ ಸಹಜವಾಯಿತು.

ಕಂಪ್ಯೂಟರುಗಳಿಗೆ ಹೆಸರಿಡುವ ಸಂದರ್ಭ ಬಂತು. ತಂತಿಯ ಮೇಲೆ ಒಬ್ಬರನ್ನೊಬ್ಬರು ಕರೆಯಬೇಕಾದರೆ ಹೆಸರು ಬೇಕಲ್ಲ. ಈ ದೇಶದಲ್ಲಿ ಹುಟ್ಟಿದವನು ಪೆನ್ಯಾರೋಲ್ ಫುಟ್‌ಬಾಲ್ ತಂಡದವನಾಗಿರಬೇಕು, ಇಲ್ಲವೇ ನಸಿಯೊನಾಲ್ ತಂಡದವನಾಗಿರಬೇಕು. ಮೂರನೆಯದು ಸತ್ತ ಮೇಲೆ ನೋಡಿಕೊಳ್ಳುವ ಮಾತು. ಎಲ್ಬಿಯೋ ತನ್ನ ಕಂಪ್ಯೂಟರಿಗೆ ಪೆನ್ಯಾರೋಲ್ ಎಂದು ಹೆಸರಿಟ್ಟ. ವಿದ್ಯಾವಂತರು ನಸಿಯೊನಾಲ್ ಕಡೆಯವರೇ ಇರುತ್ತಾರೆ ಎಂದು ತಾನೇ ತೀರ್ಮಾನಿಸಿ ಟೀಚರ್‌ದಕ್ಕೆ ಆ ಹೆಸರಿಟ್ಟ. ಬೇಕರಿಯದು ಬರೀ ಬೇಕರಿ. ವಾಲ್ದೆಮಾರನಿಗೆ ಹೇಳಿಕೊಟ್ಟ: “ಅಚ್ಚು ಹಾಕ್ಬೇಕಾ, ಪೆನ್ಯಾರೋಲ್‌ಗೆ ಕಳಿಸು. ನನ್ನ ಮನೇಲಿ ಬರುತ್ತೆ.” ಕೆಲವು ತಿಂಗಳು ಹಾಗೆಯೇ ನಡೆಯಿತು. ಬೇಕರಿಯ ತಿಂಡಿಗಳ ಹೆಸರು ಅಚ್ಚಾದವು, ರಜೆಯ ಸೂಚನೆ ಅಚ್ಚಾಯಿತು. ಎಲ್ಬಿಯೋ ಎಮ್ಮೆ ಅಕ್ಷರದಲ್ಲಿ ಸತ್ತವರ ಹೆಸರು ಓದಿದ. ಊರಿನಲ್ಲಿ ಮತ್ತೆ ಯಾರೂ ತಪ್ಪಾಗಿ ಸಾಯಲಿಲ್ಲ.

ಕಾರ್ನಿವಾಲಿಗೆ ಮುಂಚಿನ ಬೇಸಗೆಯಲ್ಲಿ ಒಂದು ದಿನ ಟೀಚರ್ ಅವನನ್ನು ಕರೆಸಿದರು. ತೆರೆಯ ಮೂಲೆಯಲ್ಲಿ ತಮ್ಮ ಕಂಪ್ಯೂಟರಿನ ಹೆಸರನ್ನು ಅವರು ಆಗಷ್ಟೇ ಕಂಡಿದ್ದರು.

“ತೆಚೇರಾ, ನನ್ನಪ್ಪ ರೈಲ್ವೇಲಿದ್ದೋರು, ಪೆನ್ಯಾರೋಲ್ ತಂಡ ಕಟ್ಟಿದ್ದೇ ರೈಲ್ವೇಯೋರು. ನಮ್ಮ ಮನೇಲಿ ಬೆಕ್ಕು ಕೂಡ ಪೆನ್ಯಾರೋಲ್. ಇದು ಯಾರ ಹೆಸರು?”

ಎಲ್ಬಿಯೋ ತಲೆ ಕೆರೆದುಕೊಂಡ. ಒಂದೇ ತಂತಿಯ ಮೇಲೆ ಒಂದೇ ಹೆಸರಿನ ಎರಡು ಕಂಪ್ಯೂಟರ್ ಇದ್ದರೆ ಜಗಳವಾಡುತ್ತವೆ. ಅದನ್ನು ವಿವರಿಸಿದ. ಹಾಗಾದರೆ ನಿನ್ನದನ್ನೇ ಬದಲಾಯಿಸು ಎಂದರು ಅವರು. ಬೇರೆ ಯಾರಾದರೂ ಕೇಳಿದ್ದರೆ ಜಗಳವೇ ಆಗುತ್ತಿತ್ತು. ಆದರೆ ಕೇಳಿದವರು ಅವನಿಗೆ ತನ್ನ ಹೆಸರು ಬರೆಯಲು ಕಲಿಸಿದವರು. ಪೆನ್ಯಾರೋಲ್ ಎಡಗಡೆಯ ಮನೆಗೆ ಹೋಯಿತು. ತನ್ನದಕ್ಕೆ ಏನಿಡುವುದೆಂದು ತೋಚದೆ, ಹೆಂಡತಿಗೆ ಸಂತೋಷವಾದೀತೆಂದು ನಿಬಿಯಾ ಎಂದು ಇಟ್ಟ. ಆಮೇಲೆ ಕುರಿ ಹರಾಜು ಸಾರಲು ಹೊರಟುಹೋದ. ಬೇಕರಿಗೆ ಹೇಳುವುದು ಮರೆತೇಹೋಯಿತು. ಊರಿಗೆಲ್ಲ ಸುದ್ದಿ ಮುಟ್ಟಿಸುವವನು ಹಿತ್ತಲಿನ ಗೋಡೆಯಾಚೆಗೆ ಒಂದು ಮಾತು ಹೇಳಲಿಲ್ಲ.

ಅದಾಗಿ ಎರಡೋ ಮೂರೋ ದಿನಕ್ಕೆ, ಊಟವಾಗಿ ಊರಿಗೆ ಊರೇ ಕಿಟಕಿ ಮುಚ್ಚಿ ಮಲಗಿದ ಹೊತ್ತು. ವಾಲ್ದೆಮಾರ್ ಆ ವರ್ಷದ ಪದ್ಯಗಳನ್ನು ಮುಗಿಸಿದ್ದ. ಮೇಳದ ಪದ್ಯ ವೇದಿಕೆ ಹತ್ತುವ ತನಕ ಗುಟ್ಟು. ಅದರಲ್ಲಿ ಹೆಸರು ಬಂದವರಿಗಂತೂ ಗಾಳಿಯೂ ತಾಗಬಾರದು. ಅದಕ್ಕೆ ಅವನು ಮಧ್ಯಾಹ್ನದ ನಿದ್ದೆಯ ಹೊತ್ತನ್ನೇ ಆರಿಸಿಕೊಂಡು, ಪೆನ್ಯಾರೋಲ್ ಎಂದು ಒತ್ತಿ, ಹಿತ್ತಲಿನ ಗೋಡೆಗೆ ಬಂದು ಪಿಸುಗುಟ್ಟಿದ.

“ಬಂತಾ, ದೋನ್ ಎಲ್ಬಿಯೋ?”

ಬನಿಯನ್ನಿನಲ್ಲಿ ಕೂತಿದ್ದ ಎಲ್ಬಿಯೋ ಪ್ರಿಂಟರನ್ನು ನೋಡಿದ. ಅದು ಸುಮ್ಮನೆ ಕೂತಿತ್ತು. ಎರಡು ತಟ್ಟಿದ, ಕಾಗದ ಸರಿಪಡಿಸಿದ. ಇನ್ನೂ ಇಲ್ಲ ಎಂದ. ಅಷ್ಟರಲ್ಲಿ ಎಡಗಡೆಯ ಗೋಡೆಯಾಚೆಯಿಂದ ಕರ್ರ್, ಕಿರ್ರ್ ಎಂದು ಸದ್ದು ಶುರುವಾಯಿತು. ಟೀಚರ್ ಈ ಬಿಸಿಲಿನಲ್ಲೂ ತಪ್ಪಿನ ಪಟ್ಟಿ ಅಚ್ಚು ಹಾಕುತ್ತಿದ್ದಾರಲ್ಲ ಎಂದು ಅವನು ಮನಸ್ಸಿನಲ್ಲೇ ಮೆಚ್ಚಿಕೊಂಡ. ಅವರು ಈ ಹೊತ್ತಿನಲ್ಲಿ ಮಲಗಿರುತ್ತಾರೆ ಎಂಬುದು ನೆನಪಾಯಿತು. ಆಮೇಲೆ ಪೆನ್ಯಾರೋಲ್ ಈಗ ಎಲ್ಲಿದೆ ಎಂಬುದು ನೆನಪಾಯಿತು.

ಅವನು ಧಡಕ್ಕನೆ ಎದ್ದ. “ಯಾರ ಮೇಲೆ ಬರೆದಿದೀಯಾ?” ಎಂದು ಗೋಡೆಯ ಕಡೆಗೆ ಕೇಳಿದ.

“ಪಾದ್ರಿ ಮೇಲೆ, ಮೇಯರ್ ಮೇಲೆ, ಟೀಚರ್ ಮೇಲೆ. ನಿಮ್ಮ ಮೇಲೂ ಒಂದು ಚೂರು ಇದೆ, ಬೇಜಾರು ಮಾಡ್ಕೋಬೇಡಿ.”

ಎಲ್ಬಿಯೋ ಮೇಜಿನಡಿ ನುಗ್ಗಿ ಕೊಂಡಿಯನ್ನು ಹಿಡಿದು ಜಗ್ಗಿದ. ತಂತಿ ಕಿತ್ತು ಬಂತು. ಪಕ್ಕದ ಮನೆಯ ಕರ್ರ್ ಅರ್ಧ ಸಾಲಿನಲ್ಲಿ ನಿಂತಿತು. ಆಮೇಲೆ ಟೀಚರ್ ಮನೆಯ ಚಪ್ಪಲಿಯ ಸದ್ದು. ಕಾಗದ ಹರಿದ ಸದ್ದು. ಕುರ್ಚಿ ಎಳೆದ ಸದ್ದು. ಬಹಳ ಹೊತ್ತಿನ ನಂತರ ಕಿಟಕಿ ತೆರೆಯಿತು.

“ತೆಚೇರಾ. ಫಗೂಂದೆಸ್‌ನನ್ನೂ ಕರ್ಕೊಂಡು ಬಾ.”

ವಾಲ್ದೆಮಾರ್ ಗೋಡೆ ಹಾರಿ ಬಂದ. ಆ ದೇಹಕ್ಕೆ ಅದು ಸಣ್ಣ ಸಾಹಸವಲ್ಲ. ನಿಂಬೆ ಗಿಡದ ಒಂದು ಕೊಂಬೆಯೂ ಜೊತೆಗೆ ಬಂತು. ಇಬ್ಬರೂ ಹಿತ್ತಲಿನಲ್ಲಿ ನಿಂತು ಪರಸ್ಪರ ದೂರಿದರು. ನೀವು ಹೆಸರು ಬದಲಾಯಿಸಿದ್ದನ್ನು ಹೇಳಬೇಕಿತ್ತು ಎಂದು ಇವನು, ನೀನು ಮುದಿ ಹೆಂಗಸಿನ ಮೇಲೆ ಬರೆಯಬಾರದಿತ್ತು ಎಂದು ಅವನು. ಗಲಾಟೆಗೆ ಎದ್ದುಬಂದ ನಿಬಿಯಾ ಎಲ್ಲ ಕೇಳಿಕೊಂಡು, ಬರಿಗೈಲಿ ಹೋಗಬೇಡಿ ಎಂದಷ್ಟೇ ಹೇಳಿದಳು. ವಾಲ್ದೆಮಾರ್ ಮತ್ತೆ ಗೋಡೆ ಹಾರಿ ಒಂದು ಪೊಟ್ಟಣ ಸಿಹಿ ಬಿಸ್ಕೋಚೋ ತಂದ.

ಟೀಚರ್ ಊಟದ ಮೇಜಿನ ತುದಿಯಲ್ಲಿ ಕೂತಿದ್ದರು. ಮುಂದೆ ಉದ್ದ ಕಾಗದ, ಕೈಯಲ್ಲಿ ಕೆಂಪು ಪೆನ್ಸಿಲು. ಪಾದ್ರಿಯ ಪದ್ಯಗಳೂ ಮೇಯರ್ ಪದ್ಯಗಳೂ ಆಗಲೇ ಕೆಂಪಾಗಿದ್ದವು. ಪೊಟ್ಟಣವನ್ನು ಅವರು ನೋಡಿಯೂ ನೋಡದಂತೆ ತಮ್ಮ ಕಡೆಗೆ ಎಳೆದುಕೊಂಡರು. ಕನ್ನಡಕ ಸರಿಪಡಿಸಿಕೊಂಡು ಕೊನೆಯ ಸಾಲುಗಳನ್ನು ಗಟ್ಟಿಯಾಗಿ ಓದಿದರು.

ಕೆಂಪು ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಇರ್ಮಾ ಟೀಚರ್ ಬಂದರು,
ಸ್ವರ್ಗದ ಬಾಗಿಲ ಬೋರ್ಡನು ನೋಡಿ ಅಲ್ಲೇ ನಿಂತು

“ನಿಂತು?” ಎಂದರು. “ಮುಂದೆ ಎಲ್ಲಿ?”

ಇಬ್ಬರೂ ನೆಲ ನೋಡಿದರು. ಎಲ್ಬಿಯೋ, ತಂತಿಯಲ್ಲಿ ಏನೋ ತೊಂದರೆ ಬಂದು ಅರ್ಧಕ್ಕೆ ನಿಂತಿರಬೇಕು, ಉಳಿದದ್ದು ಅಂಥ ಮುಖ್ಯವೇನಲ್ಲ ಎಂದು ತೊದಲಿದ.

“ನನ್ನನ್ನ ಸ್ವರ್ಗದ ಬಾಗಿಲಲ್ಲಿ ನಿಲ್ಲಿಸಿ ಮುಖ್ಯ ಅಲ್ಲ ಅಂತೀಯಾ? ಒಳಗೆ ಹೋದೆನೋ ಇಲ್ಲವೋ? ಫಗೂಂದೆಸ್, ಎದ್ದು ನಿಂತು ಹೇಳು.”

ವಾಲ್ದೆಮಾರ್ ನಿಂತೇ ಇದ್ದ. ಆದರೂ ಎದ್ದು ನಿಂತವನಂತೆ ಮೈ ನೆಟ್ಟಗೆ ಮಾಡಿ, ಕೈ ಹಿಂದೆ ಕಟ್ಟಿ, ಮೂರನೇ ತರಗತಿಯ ದನಿಯಲ್ಲಿ ಒಪ್ಪಿಸಿದ:

“ಸ್ವರ್ಗದ ಬಾಗಿಲ ಬೋರ್ಡನು ನೋಡಿ ಅಲ್ಲೇ ನಿಂತುಕೊಂಡರು.
‘ಕಾಗುಣಿತವೇ ತಪ್ಪಿದೆಯಲ್ಲ, ಒಳಗೆ ಬಾರೆನು’ ಎಂದರು;
ಬೆವರುತ ದೇವರು ಸ್ಲೇಟನು ಹಿಡಿದು ಹೊರಗೆ ಓಡಿ ಬಂದರು.”

ಎಲ್ಬಿಯೋ ಬಾಗಿಲು ಎಷ್ಟು ದೂರ ಇದೆ ಎಂದು ಓರೆಗಣ್ಣಲ್ಲಿ ಅಳೆದ. ಟೀಚರ್ ಅವರ ಕೆಂಪು ಪೆನ್ಸಿಲು ಕಾಗದದ ಮೇಲೆ ಒಮ್ಮೆ ತಟ್ಟಿತು.

“ಬಂದರು ಅಂತ ಶುರು ಮಾಡಿ ಬಂದರು ಅಂತ ಮುಗಿಸ್ತೀಯಾ? ಒಂದೇ ಪದಕ್ಕೆ ಅದೇ ಪದದ ಪ್ರಾಸ. ಇದನ್ನ ನಾನು ಕಲಿಸಿದ್ನಾ?”

“ಇಲ್ಲ ಟೀಚರ್.”

“ಸ್ಲೇಟು ಹಿಡ್ಕೊಂಡು ಓಡಿ ಬಂದ ಮೇಲೆ ದೇವರು ಏನು ಮಾಡಿದ? ಸುಮ್ಮನೆ ನಿಂತನಾ? ಬರೀಬೇಕು. ಬರ್ಕೋ. ‘ಬೆವರುತ ದೇವರು ಸ್ಲೇಟನು ಹಿಡಿದು ನೂರು ಸಾರಿ ಬರೆದರು.’”

ವಾಲ್ದೆಮಾರ್ ನಗು ತಡೆಯಲು ಹೋಗಿ ಕೆಮ್ಮಿದ. ಎಲ್ಬಿಯೋ ನಗಬಹುದೋ ಬಾರದೋ ತಿಳಿಯದೆ ಅವನ ಮುಖವನ್ನೂ ಇವರ ಮುಖವನ್ನೂ ನೋಡಿದ. ಟೀಚರ್ ಒಂದು ಬಿಸ್ಕೋಚೋ ಮುರಿದು ಬಾಯಿಗಿಟ್ಟುಕೊಂಡರು. ಅವರಿಗೆ ಸಿಟ್ಟು ಬಂದದ್ದು ನಿಜ, ಆದರೆ ಕಾರಣ ಬೇರೆ. ಪಾದ್ರಿಗೆ ಮೂರು ಪದ್ಯ, ಮೇಯರಿಗೆ ನಾಲ್ಕು, ಇಡೀ ಊರಿಗೆ ಅಕ್ಷರ ಕಲಿಸಿದ ತನಗೆ ಒಂದೇ ಒಂದು. ಇದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ. ಇನ್ನೂ ಎರಡು ಬೇಕು, ಅದರಲ್ಲಿ ಚರ್ಚಿನ ಗೋಡೆಯ ವಿಚಾರ ಬರಲೇಬೇಕು ಎಂದು ಕಟ್ಟುನಿಟ್ಟಾಗಿ ಹೇಳಿ ಇಬ್ಬರನ್ನೂ ಕಳಿಸಿದರು.

ಅಲ್ಲಿಂದ ಮುಂದೆ ಎಲ್ಬಿಯೋನ ತಂತಿಗೆ ಬಿಡುವೇ ಇಲ್ಲವಾಯಿತು. ವಾಲ್ದೆಮಾರ್ ಬೇಕರಿಯಲ್ಲಿ ಬರೆದದ್ದು ಪೆನ್ಯಾರೋಲ್‌ಗೆ ಹೋಗುತ್ತಿತ್ತು, ಟೀಚರ್ ತಿದ್ದಿ ಬೆರಳಚ್ಚು ಮಾಡಿದ್ದು ಎಲ್ಬಿಯೋನ ಪ್ರಿಂಟರಿಗೆ ಬರುತ್ತಿತ್ತು; ಬೇಕರಿಯಲ್ಲಿ ಪ್ರಿಂಟರ್ ಇಲ್ಲವಲ್ಲ, ಅದನ್ನು ಗೋಡೆಯ ಮೇಲಿಂದ ದಾಟಿಸುವುದು ಎಲ್ಬಿಯೋನ ಪಾಲು. ದಾಟಿಸುವ ಮುಂಚೆ ಓದದೆ ಇರಲು ಅವನೇನು ಸಂನ್ಯಾಸಿಯೇ. ಓದಿದಾಗ ಒಂದು ವಿಷಯ ಗೊತ್ತಾಯಿತು. ಟೀಚರ್ ಕೈ ಇಟ್ಟ ಮೇಲೆ ಪಾದ್ರಿಯ ಪದ್ಯ ಹರಿತವಾಗಿತ್ತು, ಮೇಯರ್ ಪದ್ಯ ಇನ್ನೂ ಹರಿತವಾಗಿತ್ತು. ಆದರೆ ಎಲ್ಲಕ್ಕಿಂತ ಹರಿತವಾಗುತ್ತಿದ್ದದ್ದು ಅವನ ಮೇಲಿನದು. ಮೊದಲು ‘ಒಂದು ಚೂರು’ ಇದ್ದದ್ದು ದಿನದಿಂದ ದಿನಕ್ಕೆ ಹಿಟ್ಟಿನ ಹಾಗೆ ಉಬ್ಬುತ್ತಿತ್ತು. ತನ್ನನ್ನೇ ಜಾಲಾಡಿದ ಕಾಗದ ತನ್ನ ಪ್ರಿಂಟರಿನಲ್ಲೇ, ತನ್ನ ಶಾಯಿಪಟ್ಟಿ ಸವೆಸಿಕೊಂಡು ಬರುವುದನ್ನು ಕೂತು ನೋಡಬೇಕು. ಅದನ್ನು ಕೈಯಾರೆ ಒಯ್ದು ಕೊಡಬೇಕು.

ಒಂದು ವಾರ ಸಹಿಸಿಕೊಂಡ. ಆಮೇಲೆ ಒಂದು ಮಧ್ಯಾಹ್ನ ಮೇಜಿನಡಿ ಕೈ ಹಾಕಿ ಕೊಂಡಿಯನ್ನು ಕಂಡೂ ಕಾಣದಷ್ಟು ಸಡಿಲ ಮಾಡಿದ. ಬೇಕರಿಯ ಸಂಪರ್ಕ ಸತ್ತಿತು, ಟೀಚರ್‌ದೂ ಸತ್ತಿತು. ವಿಚಾರಿಸಲು ಬಂದ ಟೀಚರ್‌ಗೆ ಅವನು ಬೇಸರದ ಮುಖ ಮಾಡಿ, ಹಳೆಯ ಯಂತ್ರ, ಬಿಸಿಲಿಗೆ ಹೀಗಾಗುತ್ತದೆ, ಕಾರ್ನಿವಾಲ್ ಮುಗಿದ ಮೇಲೆ ಸರಿಹೋಗುತ್ತದೆ ಎಂದು ಹೇಳುತ್ತಿದ್ದ. ಆಗ ಗೋಡೆಯಾಚೆಯಿಂದ ವಾಲ್ದೆಮಾರ್ ತನ್ನ ತೆರೆಯ ಮೇಲೆ ಕಂಡದ್ದನ್ನು ಕೂಗಿ ಹೇಳಿದ.

“ದೋನ್ ಎಲ್ಬಿಯೋ, ‘ನಿಬಿಯಾ ಉತ್ತರ ಕೊಡುತ್ತಿಲ್ಲ’ ಅಂತ ಬರ್ತಿದೆ.”

ಅಡುಗೆಮನೆಯಿಂದ ನಿಬಿಯಾ ತಲೆ ಹೊರಗೆ ಹಾಕಿದಳು. “ಕೇಳಿದ್ರೆ ತಾನೇ ಉತ್ತರ ಕೊಡೋದು. ಏನು ಬೇಕು?”

“‘ನಿಬಿಯಾ ಸಂಪರ್ಕ ಕಡಿದುಕೊಂಡಿದ್ದಾಳೆ’ ಅಂತಿದೆ.”

“ನಾನ್ಯಾಕೆ ಕಡಿದುಕೊಳ್ಳಲಿ? ಆಗಿಂದ ಮೇಜಿನ ಕೆಳಗೆ ಬಗ್ಗಿ ತಿರುಚ್ತಿದ್ದೋನು ಇವನು.” ಅಷ್ಟು ಹೇಳಿದ ಮೇಲೆ ಟೀಚರ್ ಅಲ್ಲೇ ನಿಂತಿರುವುದು ಅವಳಿಗೆ ಕಂಡಿತು. ನಾಲಿಗೆ ಕಚ್ಚಿಕೊಳ್ಳುವ ಬದಲು ಅವಳು ಹೊರಗೆ ಬಂದು ಮಾತು ಮುಗಿಸಿದಳು. “ಟೀಚರ್, ನೀವೇ ವಿಚಾರಿಸಿಕೊಳ್ಳಿ. ಪದ್ಯ ಬರ್ತಿದ್ದ ಹಾಗೆ ಇವನಿಗೆ ಊಟ ಸೇರ್ತಿಲ್ಲ.”

ಟೀಚರ್ ಹುಬ್ಬು ಎತ್ತಿ ಮೇಜಿನ ಕಡೆ ನೋಡಿದರು. ಎಲ್ಬಿಯೋ ಮೊಣಕಾಲೂರಿ ಕೊಂಡಿ ಬಿಗಿ ಮಾಡಿದ. ಎದ್ದಾಗ ಅವನ ಕಿವಿ ಕೆಂಪಾಗಿದ್ದವು. ನೋವಾಗಿದ್ದರೆ ಆ ಪದ್ಯ ತೆಗೆದುಬಿಡೋಣ ಎಂದು ಟೀಚರ್ ಮೆಲ್ಲಗೆ ಕೇಳಿದರು. ಅದನ್ನು ಕೇಳಿದ್ದೇ ತಡ, ಅವನ ಮನಸ್ಸು ಮಗುಚಿಕೊಂಡಿತು. ತೆಗೆದರೆ ಪಾದ್ರಿ ಇರುತ್ತಾನೆ, ಮೇಯರ್ ಇರುತ್ತಾನೆ, ಟೀಚರ್ ಇರುತ್ತಾರೆ, ಊರು ಕೂತು ಕೇಳುತ್ತದೆ, ತಾನೊಬ್ಬನೇ ಇರುವುದಿಲ್ಲ. “ಬೇಡ ಟೀಚರ್,” ಎಂದ, “ಆ ಸತ್ತವರ ವಿಚಾರ ಮಾತ್ರ ಸ್ವಲ್ಪ ಕಡಿಮೆ ಮಾಡಿ.” ಅವರು ಕಡಿಮೆ ಮಾಡಲಿಲ್ಲ.

ಕಾರ್ನಿವಾಲಿನ ಸ್ಪರ್ಧೆ ಚೌಕದ ವೇದಿಕೆಯಲ್ಲಿ ನಡೆಯಿತು. ಇಳಿಬಿಸಿಲು ಇನ್ನೂ ಮರಗಳ ಮೇಲಿತ್ತು. ವೇದಿಕೆಯ ಧ್ವನಿ ವ್ಯವಸ್ಥೆ ಪ್ರತಿ ವರ್ಷದಂತೆ ಎಲ್ಬಿಯೋನದೇ. ಕಾರನ್ನು ವೇದಿಕೆಯ ಪಕ್ಕ ನಿಲ್ಲಿಸಿ, ಒಳಗೆ ಕೂತು, ಗುಂಡಿ ತಿರುಗಿಸುವುದು ಅವನ ಕೆಲಸ. ‘ತಡವಾಗಿ ಬಂದವರು’ ಅಪರೂಪಕ್ಕೆ ಹೊತ್ತಿಗೆ ಸರಿಯಾಗಿ ಬಂದರು. ಪಾದ್ರಿಯ ಪದ್ಯಕ್ಕೆ ಪಾದ್ರಿಯೇ ಮೊದಲು ನಕ್ಕರು. ಮೇಯರ್ ನಕ್ಕಂತೆ ಮಾಡಿದರು. ದೇವರು ಸ್ಲೇಟಿನ ಮೇಲೆ ನೂರು ಸಾರಿ ಬರೆದಾಗ ಇಡೀ ಚೌಕ ಎದ್ದು ಮುಂದಿನ ಸಾಲಿನಲ್ಲಿದ್ದ ಟೀಚರ್ ಕಡೆಗೆ ತಿರುಗಿತು. ಅವರು ಚಪ್ಪಾಳೆಯನ್ನು ಹಾಜರಿ ತೆಗೆದುಕೊಳ್ಳುವವರ ಹಾಗೆ ಒಂದೊಂದೇ ಬೆಂಚಿನ ಕಡೆ ನೋಡಿ ಸ್ವೀಕರಿಸಿದರು.

ಆಮೇಲೆ ವಾಲ್ದೆಮಾರ್ ಬಣ್ಣದ ಮುಖವನ್ನು ಕಾರಿನ ಕಡೆಗೆ ತಿರುಗಿಸಿದ. ಎಲ್ಬಿಯೋನ ಕೈ ಗುಂಡಿಯ ಮೇಲಿತ್ತು. ಸ್ವಲ್ಪ ಎಡಕ್ಕೆ ತಿರುಗಿಸಿದರೆ ಸಾಕು, ಪದ್ಯ ವೇದಿಕೆಯ ಮೇಲೆಯೇ ಸಾಯುತ್ತಿತ್ತು. ತಂತಿಯ ತೊಂದರೆ ಎಂದರೆ ಊರು ನಂಬುತ್ತಿತ್ತು ಕೂಡ. ಮೇಳ ಹಾಡಿತು:

ಎಲ್ಬಿಯೋ ಕೂಗಿದ ಸಾವಿನ ಸುದ್ದಿಗೆ ಊರೇ ಓಡಿ ಬಂದಿತು,
ಸತ್ತವನೇ ಬಾಗಿಲು ತೆರೆಯಲು ಶೋಕ ಅರ್ಧಕೆ ನಿಂತಿತು;
ಊರನು ಒಂದೇ ತಂತಿಗೆ ಪೋಣಿಸಿ ಕೂತ ಮಹಾ ಜಾಣನು,
ಹೆಂಡತಿ ಕೂಗಿದ ಹೊತ್ತಿಗೆ ಮಾತ್ರ ತಂತಿಯ ತುದಿಯೇ ಕಾಣನು.

ಎರಡನೇ ಸಾಲಿಗೆ ಜನ ಎಷ್ಟು ನಕ್ಕರೆಂದರೆ ಮೂರನೇ ಸಾಲು ಮುಳುಗಿಹೋಯಿತು. ಹಿಂದಿನ ಬೆಂಚಿನಲ್ಲಿ ಅಲ್ಸೀದೆಸ್ ಪೆರೇಯ್ರಾ ಎದ್ದು ನಿಂತು ಟೋಪಿ ಎತ್ತಿ ಎಲ್ಲರಿಗೂ ವಂದಿಸುತ್ತಿದ್ದ, ಅವನ ಸುತ್ತ ಇದ್ದವರಿಗೆ ಏನೂ ಕೇಳುತ್ತಿರಲಿಲ್ಲ. ಹಿಂದಿನವರಿಗೆ ಕೇಳಿಸುತ್ತಿಲ್ಲ ಎನ್ನುವುದನ್ನು ಎಲ್ಬಿಯೋ ಯಾವ ಕಾಲಕ್ಕೂ ಸಹಿಸಿದವನಲ್ಲ. ಅವನಿಗರಿವಿಲ್ಲದೆಯೇ ಗುಂಡಿ ಬಲಕ್ಕೆ ತಿರುಗಿತು. ಕೊನೆಯ ಸಾಲು ಚೌಕ ದಾಟಿ ನದಿಯ ದಂಡೆಯವರೆಗೂ ಕೇಳಿಸಿತು. ಬೆಂಚಿನ ಮೇಲೆ ಕೂತಿದ್ದ ನಿಬಿಯಾ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು, ಆಮೇಲೆ ಪಕ್ಕದವಳಿಗೆ, ಆ ಕೊನೆಯ ಸಾಲು ತಾನೇ ಟೀಚರ್‌ಗೆ ಹೇಳಿಕೊಟ್ಟದ್ದು ಎಂದಳು. ಮೇಳಕ್ಕೆ ಎರಡನೇ ಬಹುಮಾನ ಬಂತು.

ಮುಂದಿನ ಕೆಲವು ವಾರ ಎಲ್ಬಿಯೋ ಬೀದಿಗೆ ಬಂದರೆ ಜನ ಪದ್ಯ ಗುನುಗುತ್ತಿದ್ದರು. ಅವನು ಗದರುವ ನಟನೆ ಮಾಡಿ, ಅದೇ ಬೀದಿಯಲ್ಲಿ ಬೇಕೆಂದೇ ಇನ್ನೊಂದು ಸುತ್ತು ಹಾಕುತ್ತಿದ್ದ.

ಬೇಸಗೆಯ ಕೊನೆಯ ಬಿರುಗಾಳಿಯಲ್ಲಿ ನಿಂಬೆ ಗಿಡಕ್ಕೆ ಸಿಡಿಲು ಹೊಡೆಯಿತು. ಗಿಡ ಬದುಕಿತು. ಅದನ್ನು ದಾಟಿಕೊಂಡು ಹೋಗಿದ್ದ ತಂತಿ ಮಾತ್ರ ಸಿಡಿಲನ್ನು ಮೂರೂ ಮನೆಗೆ ಸಮನಾಗಿ ಹಂಚಿತು. ಟೀಚರ್ ಮನೆಯಲ್ಲಿ ಸುಟ್ಟ ವಾಸನೆ, ಬೇಕರಿಯಲ್ಲಿ ಹೊಗೆ, ಎಲ್ಬಿಯೋನ ಮೇಜಿನಡಿ ಕರಕಲಾದ ಕೊಂಡಿ. ಪ್ರಿಂಟರುಗಳು ಹೇಗೋ ಉಳಿದವು. ಮೂವರೂ ಒಂದಿಷ್ಟು ದಿನ ಸತ್ತ ಮನೆಯವರ ಹಾಗೆ ಓಡಾಡಿದರು. ಟೀಚರ್ ಮತ್ತೆ ಕೈಯಲ್ಲಿ ಬರೆಯಲು ಕೂತರು. ವಾಲ್ದೆಮಾರ್ ಬಾಯಲ್ಲಿ ಹೇಳಬೇಕಾದದ್ದನ್ನು ಹೇಳಲು ಗೋಡೆಯ ಮೇಲೆ ಮೊಣಕೈ ಊರಿ ನಿಲ್ಲುತ್ತಿದ್ದ, ಏನೂ ಹೇಳುವುದಿಲ್ಲದಿದ್ದರೂ.

ಚಳಿಗಾಲದ ಹೊತ್ತಿಗೆ ಎಲ್ಬಿಯೋ ಮತ್ತೆ ಎಲ್ಲಿಂದಲೋ ಯಂತ್ರದ ಭಾಗಗಳನ್ನು ಹೊಂದಿಸಿದ. ಈ ಸಲ ತಂತಿಯನ್ನು ನೆಲದೊಳಗೆ ಹೂತ, ಮೂರು ಕಡೆಯ ತಂತಿಯೂ ಒಂದು ಸಣ್ಣ ಪೆಟ್ಟಿಗೆಯಲ್ಲಿ ಸೇರುವಂತೆ ಮಾಡಿದ. ಟೋಪಿಯ ಕಾಟ ತಪ್ಪಿತು. ಅದೇ ಚಳಿಗಾಲದಲ್ಲಿ ನಿಬಿಯಾ ಭಾನುವಾರದ ಊಟಕ್ಕೆ ಕಡುಬಿನಂತೆ ಒಳಗೆ ತುಂಬಿ ಬೇಯಿಸುವ ರವಿಯೋಲಿ ಮಾಡಿ ಮಾರತೊಡಗಿದಳು. ಆರ್ಡರ್ ಹಿಡಿಯುವವನು ಬೇಕರಿಯ ಕಟ್ಟೆಯಲ್ಲಿ ವಾಲ್ದೆಮಾರ್. ಅವನು ಅಲ್ಲಿ ಒತ್ತಿದರೆ ಇವಳ ಅಡುಗೆಮನೆಯಲ್ಲಿ ಕಾಗದ ಬರುತ್ತಿತ್ತು. ಸುತ್ತು ಮುಗಿಸಿ ಬಂದ ಎಲ್ಬಿಯೋ ಎಮ್ಮೆ ಅಕ್ಷರದ ಕಾಗದ ಅಚ್ಚು ಹಾಕಲು ಹೋದರೆ ಪ್ರಿಂಟರ್ ಮೇಜಿನ ಮೇಲೆ ಇರುತ್ತಿರಲಿಲ್ಲ. ಒಲೆಯ ಪಕ್ಕದ ಕಟ್ಟೆಯ ಮೇಲೆ, ಮೈತುಂಬ ಹಿಟ್ಟು ಮೆತ್ತಿಕೊಂಡು, ಯಾರಿಗೆ ಪಾಲಕ್ ತುಂಬಿದ್ದು, ಯಾರಿಗೆ ಗಿಣ್ಣಿನದು ಎಂದು ಅರಚುತ್ತಿತ್ತು.

“ಸ್ವಲ್ಪ ನನಗೂ ಬಿಡು,” ಎಂದು ಅವನು ಕೇಳುತ್ತಿದ್ದ.

“ಸತ್ತೋರಿಗೆ ಅವಸರ ಇಲ್ಲ,” ಎಂದು ನಿಬಿಯಾ ಹೇಳಿ, ಕಾಗದದ ಅಂಚಿನ ತೂತು ಪಟ್ಟಿಗಳನ್ನು ಹರಿದು ತೆಗೆಯುವ ಕೆಲಸ ಅವನಿಗೆ ಕೊಟ್ಟು, ಹಿಟ್ಟು ಲಟ್ಟಿಸಲು ತಿರುಗುತ್ತಿದ್ದಳು.